ಬ್ಯಾಂಕಿನವರು ಕೇಳಿದ ಹೆಸರು

ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಶಂಭುಲಿಂಗಪ್ಪನ ಖಾನಾವಳಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೂಗಮ್ಮನ ಖಾನಾವಳಿ ಎಂದರೆ ಆಟೋದವರು ಬಾಗಿಲವರೆಗೆ ತಂದು ಬಿಡುತ್ತಾರೆ. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಪಲ್ಯಕ್ಕೆ ಒಗ್ಗರಣೆ ಕೊಡುವುದು ಎಲ್ಲ ಸೂಗಮ್ಮನದು. ಗಲ್ಲಾದಲ್ಲಿ ಕುಳಿತು ಬಂದವರಿಗೆ ‘ಬರ್ರಿ, ಕುಂಡ್ರಿ’ ಎನ್ನುವುದು ಆಕೆಯ ಗಂಡ ಶಂಭುಲಿಂಗಪ್ಪನದು. ಎರಡರಲ್ಲಿ ಇದೇ ಹೆಚ್ಚು ತ್ರಾಸದ ಕೆಲಸವೆಂದು ಆತ ಇಪ್ಪತ್ತು ವರ್ಷಗಳಿಂದ ಪ್ರಾಮಾಣಿಕವಾಗಿ ನಂಬಿದ್ದ.

ಇಂಥ ಶಂಭುಲಿಂಗಪ್ಪನ ಜೇಬಿಗೆ ಹೋದ ವರ್ಷ ಒಂದು ಕ್ರೆಡಿಟ್ ಕಾರ್ಡು ಬಂದು ಕೂತಿತು. ಸೂಗಮ್ಮನ ತವರು ದೇವದುರ್ಗ. ಅಲ್ಲಿಯ ಬ್ಯಾಂಕಿನಲ್ಲಿ ಆಕೆಯ ಹೆಸರಿನಲ್ಲಿ ಒಂದು ಠೇವಣಿ ಇತ್ತು. ಅದನ್ನು ನೋಡಿ ಬ್ಯಾಂಕಿನವರೇ ಕಾರ್ಡು ಕೊಟ್ಟಿದ್ದರು. ಅಂಚು ಎಲ್ಲರಿಗೂ ಕಾಣುವಂತೆ ಶಂಭುಲಿಂಗಪ್ಪ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಅಡ್ಡಾಡುತ್ತಿದ್ದ. ಕಾರ್ಡಿನ ಮೇಲೆ ಹೆಂಡತಿಯ ಹೆಸರಿದ್ದದ್ದರಿಂದ ಆ ಬದಿಯನ್ನು ಮಾತ್ರ ಎದೆಯ ಕಡೆಗೆ ತಿರುಗಿಸಿ ಇಡುತ್ತಿದ್ದ.

ಕಾರ್ಡಿಗೆ ಒಂದು ಕೆಲಸ ಬಂದದ್ದು ಮಾನ್ವಿಯಲ್ಲಿ. ಅಲ್ಲಿಗೆ ಕೊಟ್ಟ ಮಗಳು ಶೈಲಶ್ರೀಯ ಮನೆಗೆ ಹೋದಾಗ ಪಕ್ಕದ ಮಹಿಳಾ ಸಂಘದಲ್ಲಿ ಆತ ರೊಟ್ಟಿ ಮಾಡುವ ಮಷೀನು ನೋಡಿದ. ಒಂದು ಕಡೆ ಹಿಟ್ಟಿನ ಉಂಡೆ ಇಟ್ಟರೆ ಇನ್ನೊಂದು ಕಡೆ ದುಂಡಗಿನ ರೊಟ್ಟಿ ಬರುತ್ತಿತ್ತು. ಶಂಭುಲಿಂಗಪ್ಪ ಒಂದು ತಾಸು ಅದರ ಮುಂದೆ ನಿಂತ. ಆರು ತಿಂಗಳಿಂದ ಸೂಗಮ್ಮನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಅದಕ್ಕೆ ಅರಿವೆ ಸುತ್ತಿಕೊಂಡು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದಳು. ಯಾರಾದರೂ ಕೇಳಿದರೆ ಬಳೆ ಒತ್ತಿದೆ ಎನ್ನುತ್ತಿದ್ದಳು. ಶಂಭುಲಿಂಗಪ್ಪನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಅದಕ್ಕೇ ಇಷ್ಟು ದಿನ ಬೇರೆ ಕಡೆ ನೋಡಿದ್ದ.

ಮಷೀನಿನ ಕಂಪನಿಯವರು ಫೋನಿನಲ್ಲಿ ಹೇಳಿದರು: ಹಳೆಯ ದರದ್ದು ಒಂದೇ ಉಳಿದಿದೆ, ಶುಕ್ರವಾರ ಸಂಜೆ ಆರರೊಳಗೆ ಕಾರ್ಡಿನಲ್ಲಿ ಕಟ್ಟಿದರೆ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ. ಶಂಭುಲಿಂಗಪ್ಪ ಗುರುವಾರವೇ ಕಟ್ಟಿಬಿಡುವುದೆಂದು ತೀರ್ಮಾನಿಸಿದ. ಅದಕ್ಕೆ ಆತ ಆರಿಸಿಕೊಂಡ ಮುಹೂರ್ತ ಮಧ್ಯಾಹ್ನ ಒಂದೂವರೆ ಗಂಟೆ, ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು.

ಗಲ್ಲಾದ ಮೇಲೆ ಫೋನು ಇಟ್ಟುಕೊಂಡು ಕಾರ್ಡಿನ ನಂಬರು ಹೊಡೆದ. ಮಷೀನನ್ನು ಯಾರ ಹೆಸರಿಗೆ ತಲುಪಿಸಬೇಕೆಂದು ಫೋನು ಕೇಳಿತು. ತನ್ನ ಹೆಸರನ್ನೇ ದೊಡ್ಡದಾಗಿ ಬರೆದ. ಆಮೇಲೆ ಓಟಿಪಿ ಕೇಳಿತು. ಅದು ಬರುವುದು ಸೂಗಮ್ಮನ ಫೋನಿಗೆ. ಆ ಫೋನು ಇದ್ದದ್ದು ಒಳಗೆ, ಒಲೆಯ ಪಕ್ಕದ ಗೋಡೆಗೂಡಿನಲ್ಲಿ.

“ಏಯ್, ಓಟಿಪಿ ಬಂತೇನು ನೋಡಲ್ಲಿ!”

“ಬಂದದ್ರಿ,” ಒಳಗಿನಿಂದ ಸೂಗಮ್ಮ ಅಂದಳು. “ಯಾರಿಗೂ ಹೇಳಬ್ಯಾಡ ಅಂತ ಬರದಾರ.”

“ನಾ ಯಾರಾರ ಏನು?”

“ನೀವು ನಮ್ಮನಿಯವ್ರು.”

“ಮತ್ತ ಹೇಳು!”

“ಏಳು,” ಎಂದಳು ಸೂಗಮ್ಮ.

“ಎರಡು ಬಿಸಿ ರೊಟ್ಟಿ!” ಎಂದ ತಾಯಣ್ಣ. ಆತ ಬಡಿಸುವವನು. ಅಡಿಗೆಮನೆಗೆ ಕೂಗಿ ಹೇಳುವುದು ಆತನ ಹೊಟ್ಟೆಪಾಡು.

“ಸೊನ್ನಿ.”

“ಮೂಲ್ಯಾಗ ನಾಕು!”

“ಒಂಬತ್ತು.”

“ಐದು ಪಾರ್ಸಲ್!”

ಶಂಭುಲಿಂಗಪ್ಪ ಕೇಳಿಸಿದ್ದನ್ನೆಲ್ಲ ನಿಷ್ಠೆಯಿಂದ ಒತ್ತಿದ. ಸೂಗಮ್ಮ ಇನ್ನೂ ಅರ್ಧ ಓದುವಷ್ಟರಲ್ಲಿ ಓಟಿಪಿಯ ಆರು ಮನೆಗಳೂ ತುಂಬಿಬಿಟ್ಟಿದ್ದವು. ಹೀಗೆ ಬ್ಯಾಂಕಿಗೆ ಹೋಗಿ ಮುಟ್ಟಿದ್ದು ಅರ್ಧ ಓಟಿಪಿ, ಅರ್ಧ ಊಟ. ತಪ್ಪಾಗಿದೆ ಎಂದು ಬ್ಯಾಂಕು ಹೇಳಿತು.

ಎರಡನೆಯ ಸಲ ಆತ ಎದ್ದು ನಿಂತು ಎಲ್ಲರೂ ಸುಮ್ಮನಿರಬೇಕೆಂದು ಕೈಮುಗಿದ. ಖಾನಾವಳಿಗೆ ಖಾನಾವಳಿಯೇ ತುತ್ತು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿಯಿತು. ಸೂಗಮ್ಮ ಸ್ಪಷ್ಟವಾಗಿ ಓದಿದಳು. ಆದರೆ ಓದಿದ್ದು ಹಳೆಯ ಓಟಿಪಿ. ಮೂರನೆಯ ಸಲ ಹೊಸದನ್ನೇ ಓದಿದಳು. ಆಗ ಶಂಭುಲಿಂಗಪ್ಪನ ಚಾಳೀಸಿನ ಗಾಜಿನ ಮೇಲೆ ಸಾರಿನ ಉಗಿ ಕೂತಿತ್ತು. ಅದನ್ನು ಒರೆಸಿಕೊಂಡು ಮುಗಿಸುವಷ್ಟರಲ್ಲಿ ವೇಳೆ ಮೀರಿತು. ನಿಮ್ಮ ಸುರಕ್ಷತೆಗಾಗಿ ಕಾರ್ಡನ್ನು ತಡೆಹಿಡಿಯಲಾಗಿದೆ, ಹೆಚ್ಚಿನ ಗುರುತು ಪರಿಶೀಲನೆಗೆ ನಮ್ಮ ಸಿಬ್ಬಂದಿ ಕರೆ ಮಾಡುತ್ತಾರೆ ಎಂಬ ಸಂದೇಶ ಬಂತು.

ಮೂರು ಗಂಟೆಗೆ ಕರೆಯೂ ಬಂತು. ಸೂಗಮ್ಮ ಸ್ಪೀಕರ್ ಹಾಕಿದಳು. ಶಂಭುಲಿಂಗಪ್ಪ ಪಕ್ಕದಲ್ಲಿ ಕುಳಿತ.

“ನಮಸ್ತೆ ಮೇಡಂ, ಬ್ಯಾಂಕಿಂದ ಭಾಗ್ಯಜ್ಯೋತಿ ಮಾತಾಡ್ತಿರೋದು. ಈ ಕಾಲ್ ರೆಕಾರ್ಡ್ ಆಗ್ತಿದೆ. ಕೆಲವು ಪ್ರಶ್ನೆ ಕೇಳ್ತೀನಿ, ಉತ್ತರ ನೀವೇ ಹೇಳಬೇಕು.”

ಹುಡುಗಿಯ ದನಿ ಮೆತ್ತಗಿತ್ತು. ಸೂಗಮ್ಮ ತನ್ನ ಹೆಸರು ಹೇಳಿದಳು, ಹುಟ್ಟಿದ ತಾರೀಖು ಹೇಳಿದಳು, ತಾಯಿಯ ಹೆಸರು ಹೇಳಿದಳು. ಶಂಭುಲಿಂಗಪ್ಪ ಪಾಸಾದ ಮಗುವಿನ ತಂದೆಯ ಹಾಗೆ ತಲೆ ಆಡಿಸುತ್ತಿದ್ದ.

“ಮೇಡಂ, ಈ ಮಷೀನ್ ನಿಮ್ಮ ಹೆಸರಿಗಲ್ಲ, ಬೇರೆ ಒಬ್ಬರ ಹೆಸರಿಗೆ ಡೆಲಿವರಿ ಹೋಗ್ತಿದೆ. ಅವರು ಯಾರು?”

“ನಮ್ಮನಿಯವ್ರು.”

“ಅವರ ಹೆಸರು?”

ಸೂಗಮ್ಮ ಎದ್ದು ಹೋಗಿ ಕುದಿಯುವ ಬೇಳೆಗೆ ಸೌಟು ಆಡಿಸಿ ಬಂದಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಲಗ್ನವಾದ ಮೂವತ್ತೊಂದು ವರ್ಷಗಳಲ್ಲಿ ಸೂಗಮ್ಮ ಗಂಡನ ಹೆಸರನ್ನು ಒಂದು ಸಲವೂ ಬಾಯಿಂದ ಆಡಿದವಳಲ್ಲ. ಆಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಹೇಳಿದ್ದಳು. ನಮ್ಮ ಕಡೆ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೇನೇ ಹೊಸ ಸೊಸೆಗೆ ಹೊಸ್ತಿಲು ದಾಟಲು ಬಿಡುತ್ತಾರೆ. ಸೂಗಮ್ಮ ಅದಕ್ಕೂ ಬಾಯಿ ಬಿಟ್ಟಿರಲಿಲ್ಲ. ಹೊಸ್ತಿಲ ಹೊರಗೆ ಒಂದೂವರೆ ತಾಸು ತಲೆ ತಗ್ಗಿಸಿ ನಿಂತಳು. ಕೊನೆಗೆ ಹಸಿವು ತಾಳದೆ ಅತ್ತೆಯೇ ಸೋತು ಒಳಗೆ ಕರೆದುಕೊಂಡಳು. ಭಜನೆಯಲ್ಲಿ ‘ಶಂಭೋ’ ಎಂಬ ಮಾತು ಬಂದರೆ ಎಲ್ಲರೂ ಹಾಡುತ್ತಾರೆ, ಸೂಗಮ್ಮ ಬರೀ ತಾಳ ಹಾಕುತ್ತಾಳೆ. ದೇವರು ತಿಳಿದುಕೊಳ್ಳುತ್ತಾನೆ. ಭಾಗ್ಯಜ್ಯೋತಿ ತಿಳಿದುಕೊಳ್ಳುವ ಹಾಗೆ ಕಾಣಲಿಲ್ಲ.

“ಅರ್ಜಿಯಾಗ ಬರದದ ನೋಡ್ರಿ, ತಂಗಿ.”

“ಅದು ನನ್ನ ಮುಂದೇನೇ ಇದೆ ಮೇಡಂ. ನೀವು ಹೇಳಿದ್ದು ಅದಕ್ಕೆ ಸರಿಹೋಗಬೇಕು.”

“ಗುಡ್ಯಾಗ ಇರ್ತಾನಲ್ಲವಾ, ಕೊಳ್ಳಾಗ ಹಾವು, ತಲಿಮ್ಯಾಲ ಗಂಗಿ…”

“ದೇವರ ಹೆಸರು ಬೇಡ ಮೇಡಂ, ಗಂಡನ ಹೆಸರು.”

“ಅದನ್ನ ಹೇಳಾಕತ್ತೀನಿ ನಾನೂ!”

ಶಂಭುಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಾಯಿ ಒಯ್ದು, “ನಾನ ರೀ ಅದು, ಶಂಭುಲಿಂಗಪ್ಪ!” ಎಂದು ಕೂಗಿದ.

ಆ ಕಡೆಯಿಂದ ಹುಡುಗಿಯ ದನಿ ಬಹಳ ಸಣ್ಣದಾಗಿ ಬಂತು. “ಮೇಡಂ, ಯಾರೋ ಗಂಡಸು ಹಿಂದಿನಿಂದ ಹೇಳಿಕೊಡ್ತಿದ್ದಾರೆ. ನಿಮ್ಮನ್ನ ಯಾರಾದ್ರೂ ಹೆದರಿಸ್ತಿದ್ದಾರಾ? ಹೌದಾದ್ರೆ ಬರೀ ‘ಹೂಂ’ ಅನ್ನಿ.”

“ಹೂಂ?” ಎಂದಳು ಸೂಗಮ್ಮ, ಅರ್ಥವಾಗದೆ.

ಕರೆ ಅಲ್ಲಿಗೇ ಮುಗಿಯಿತು. ನಾಳೆ ಇನ್ನೊಮ್ಮೆ ಮಾಡುತ್ತೇವೆ, ಆಗ ನೀವೊಬ್ಬರೇ ಇರಬೇಕು ಎಂದು ಸಂದೇಶ ಬಂತು.

ಸಂಜೆಯೊಳಗೆ ಸುದ್ದಿ ಗಲ್ಲಿಯೆಲ್ಲ ಸುತ್ತಿ ಬಂತು. ಎದುರಿನ ಬಳೆ ಅಂಗಡಿಯ ಮುನವ್ವರ್ ಬೀ ಗಿರಾಕಿಗಳನ್ನು ಅರ್ಧಕ್ಕೆ ಬಿಟ್ಟು ಓಡಿಬಂದಳು.

“ಅರೆ ಅಕ್ಕಾ, ಹೇಳಿಬಿಡು. ಒಂದು ಹೆಸರಿಗೆ ಇಷ್ಟು ಪರೇಶಾನ್ ಯಾಕ?”

“ನಿನ್ನ ಗಂಡಂದು ಹೇಳು ನೋಡೋಣು.”

“ನಮ್ಮವ್ರದಾ?” ಮುನವ್ವರ್ ಬೀ ಸೆರಗು ಸರಿಮಾಡಿಕೊಂಡಳು. “ನಮ್ಮವ್ರು… ಜಬೀನ್‌ನ ಅಬ್ಬಾ.”

ತಾಯಣ್ಣನಿಗೆ ಒಂದು ಉಪಾಯ ಹೊಳೆಯಿತು. “ಯಜಮಾನ್ರ, ನೀವ ಹೆಸರು ಬದಲಿ ಮಾಡಿಕೊಂಡು ಬಿಡ್ರಿ. ಗೆಜೆಟ್ಟಿನ್ಯಾಗ ಹಾಕಿಸಿದ್ರ ಆತು. ಹೊಸಾ ಹೆಸರಿಗೆ ಅಕ್ಕಾರದು ತಕರಾರು ಇರಂಗಿಲ್ಲ.”

“ಹೊಸಾದಾದ್ರೂ ಗಂಡನ ಹೆಸರ ಅಲ್ಲೇನೋ ಅದು?” ಎಂದಳು ಸೂಗಮ್ಮ. ಸರ್ಕಾರ ನಾಳೆ ಸಂಜೆ ಆರರೊಳಗೆ ಗೆಜೆಟ್ ಅಚ್ಚು ಹಾಕುವ ಭರವಸೆಯೂ ಯಾರಿಗೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಶಂಭುಲಿಂಗಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಸೂಗಮ್ಮ ಎಡಗೈಯಿಂದ ಬಲಗೈ ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದಳು.

“ಬಾಯಿಗಿ ತರಬಾರದಂಥಾ ಹೆಸರೇನ ನಂದು?” ಎಂದು ಕೇಳಿದ. ಮೂವತ್ತೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಅದು. ಹೊಸ್ತಿಲಲ್ಲಿ ಎಲ್ಲ ಗೆಳೆಯರ ಹೆಂಡಂದಿರೂ ಹೇಳಿದ್ದರು, ತನ್ನವಳು ಮಾತ್ರ ಹೇಳಿರಲಿಲ್ಲ.

“ನನ್ನ ಕೈ ನೊಂದ್ರ ನೋಯ್ಲಿ ಬಿಡ್ರಿ,” ಸೂಗಮ್ಮ ತಲೆ ಎತ್ತದೆ ಅಂದಳು. “ನಿಮ್ಮ ಆಯುಷ್ಯದಾಗ ಒಂದು ದಿನಾನೂ ಕಮ್ಮಿ ಆಗೂದು ಬ್ಯಾಡ.”

ಏನೂ ತೋಚದಾಗ ಶಂಭುಲಿಂಗಪ್ಪ ಯಾವುದಾದರೂ ಊರಿಗೆ ಹೊರಡುತ್ತಾನೆ. ಬೆಳಿಗ್ಗೆ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೊರಟ.

ಆತನ ಲೆಕ್ಕ ಸರಳವಾಗಿತ್ತು. ಠೇವಣಿ ಇರುವುದು ದೇವದುರ್ಗದ ಬ್ಯಾಂಕಿನಲ್ಲಿ. ಹೆಂಡತಿಯ ತಮ್ಮ ಪಂಪಾಪತಿ ಇರುವುದೂ ಅಲ್ಲಿಯೇ. ಪಂಪಾಪತಿ ಬ್ಯಾಂಕಿಗೆ ಬಂದು, ಈತನೇ ನಮ್ಮಕ್ಕನ ಗಂಡ ಎಂದು ಸಾಕ್ಷಿ ಹೇಳಿದರೆ ಮುಗಿಯಿತು. ಬೀಜ ಗೊಬ್ಬರದ ಅಂಗಡಿ ನಡೆಸುವ ಪಂಪಾಪತಿ ಎಲ್ಲವನ್ನೂ ಕೇಳಿ ಅಂಗಡಿಗೆ ಬೀಗ ಹಾಕಿದ. ಬರೀ ಬಾಯಿಮಾತಿನ ಸಾಕ್ಷಿ ಸಾಲದೆಂದು ಗೋಡೆಯ ಮೇಲಿದ್ದ ಲಗ್ನದ ಫೋಟೋವನ್ನು ಗಾಜು, ಕಟ್ಟು ಸಮೇತ ಇಳಿಸಿ ಬಗಲಲ್ಲಿ ಹಿಡಿದ. ಭಾವ ಮೈದುನ ಇಬ್ಬರೂ ಬಜಾರಿನಲ್ಲಿ ಹೋಗುವಾಗ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ನಾಲ್ಕು ಜನ ಹಿಂದೆ ಬಂದರು.

ಬ್ಯಾಂಕಿನ ಅಧಿಕಾರಿ ಅಂಬರೀಶ ಚಿಕ್ಕ ವಯಸ್ಸಿನವನು, ತಾಳ್ಮೆಯವನು.

“ಈ ಮನಷ್ಯಾ ನಮ್ಮಕ್ಕನ ಗಂಡ ಹೌದ್ರಿ,” ಪಂಪಾಪತಿ ಟೇಬಲ್ಲಿನ ಮೇಲೆ ಫೋಟೋ ಇಟ್ಟ. “ಲಗ್ನದಾಗ ನಾನ ಇವ್ರ ತಲಿಮ್ಯಾಲ ಕೊಡಿ ಹಿಡದೀನಿ. ನೋಡ್ರಿ, ಇಂವ ನಾನು, ಇದು ಕೊಡಿ.”

ಅಂಬರೀಶ ಬಹಳ ಹೊತ್ತು ನೋಡಿದ. “ಕೊಡಿ ಕಾಣಸ್ತದ್ರಿ. ಗಂಡಿನ ಮುಖ ಎಲ್ಲದ?”

ನಿಜ. ಬಾಸಿಂಗದ ಮುತ್ತಿನ ಸರಗಳು ಹಣೆಯಿಂದ ಗದ್ದದವರೆಗೆ ಇಳಿಬಿದ್ದು ಮದುಮಗನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಹಿಂದೆ ಬಂದ ನಾಲ್ವರೂ ಬಗ್ಗಿ ನೋಡಿದರು. ಮೂಗು ಇವರದೇ ಎಂದು ಇಬ್ಬರು, ಅಲ್ಲ ಎಂದು ಇಬ್ಬರು ಅಭಿಪ್ರಾಯಪಟ್ಟರು. ಶಂಭುಲಿಂಗಪ್ಪ ಎರಡೂ ಪಕ್ಷಕ್ಕೆ ಅನುಕೂಲವಾಗಲೆಂದು ಪಕ್ಕಕ್ಕೆ ತಿರುಗಿ ನಿಂತ.

“ಕಾಕಾರ, ನೀವು ಅವರ ಗಂಡ ಅನ್ನೋದು ನನಗ ಗೊತ್ತದ,” ಎಂದ ಅಂಬರೀಶ. “ಆದ್ರ ಕಾರ್ಡಿನ ಪರಿಶೀಲನಾ ನಮ್ಮ ಕೈಯಾಗಿಲ್ಲ. ಅದು ಫೋನಿನ್ಯಾಗ ಅವರ ಬಾಯಿಲೆ ಆಗಬೇಕು. ಸುಮ್ನ ಮನಿಗಿ ಹೋಗ್ರಿ.”

ಶಂಭುಲಿಂಗಪ್ಪ ಕಿಟಕಿಯ ಪಕ್ಕ ಕುಳಿತು ಬಿಸಿ ಗಾಳಿ ಬಡಿಸಿಕೊಳ್ಳುತ್ತ ರಾಯಚೂರಿಗೆ ವಾಪಸಾದ. ಮಷೀನು ಇನ್ನು ಬರುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ನಾಳೆಯಿಂದ ಅರ್ಧ ರೊಟ್ಟಿ ತಾನೇ ಬಡಿಯುವುದೆಂದು ಯೋಚಿಸಿದ. ಅದನ್ನು ತಿನ್ನುವವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಗಲ್ಲಿಗೆ ಕಾಲಿಟ್ಟರೆ ಎಲ್ಲರೂ ಆತನನ್ನು ನೋಡಿ ನಗುತ್ತಿದ್ದರು. ಮುನವ್ವರ್ ಬೀ ಅಂಗಡಿಯಿಂದ ಇಳಿದೇ ಬಂದಳು.

“ಮುಬಾರಕ್ ಅಣ್ಣಾ! ಅಕ್ಕ ಹೇಳಿಬಿಟ್ಟಳು!”

“ಏನು?”

“ನಿಮ್ಮ ಹೆಸರು!”

ಮುನವ್ವರ್ ಬೀ ಒಂದೂ ಬಿಡದೆ ಹೇಳಿದಳು. ಹನ್ನೊಂದು ಗಂಟೆಗೆ ಫೋನು ಬಂತು. ಹುಡುಗಿ ಮತ್ತೆ ಹೆಸರು ಕೇಳಿದಳು, ಅಕ್ಕ ಮತ್ತೆ ಸುಮ್ಮನಾದಳು. ಆಗ ಹುಡುಗಿ ಅಂದಳಂತೆ: ಮೇಡಂ, ನೀವು ಹೆದರಬೇಡಿ, ನಿನ್ನೆ ಹಿಂದಿನಿಂದ ಕೂಗಿದವನು ಕಳ್ಳ ಅಂತ ಬರ್ಕೊಂಡು ಪೊಲೀಸರಿಗೆ ಕಳಿಸ್ತೀವಿ.

“ಅಷ್ಟು ಅಂದಿದ್ದ ತಡ ಅಣ್ಣಾ, ಅಕ್ಕ ಹಿಟ್ಟಿನ ಕೈಯಾಗ ಫೋನು ಹಿಡಕೊಂಡು ಅಂಗಳಕ್ಕ ಬಂದಳು. ‘ಯಾರಿಗಿ ಕಳ್ಳ ಅಂತಿ? ನನ್ನ ಕೈ ನೋವು ನೋಡಲಾರದ ಬಿಸಿಲಾಗ ದೇವದುರ್ಗಕ್ಕ ಹೋಗ್ಯಾರ ಅವ್ರು! ಬರಕೋ!’ ಅಂದಳು. ಆಮ್ಯಾಲ ಒಡಪು ಹಾಕಿದಳು. ಕಣ್ಣಾಗ ನೀರು, ದನಿ ಮಾತ್ರ ಇಲ್ಲಿಂದ ಬಸ್‌ಸ್ಟ್ಯಾಂಡಿಗಿ ಕೇಳಸ್ತಿತ್ತು!”

“ಯಾವ ಒಡಪು?” ಎಂದ ಶಂಭುಲಿಂಗಪ್ಪ.

ತಾಯಣ್ಣ ನೀರಿನ ಜಗ್ಗು ಕೆಳಗಿಟ್ಟು, ಕೈಕಟ್ಟಿ ನಿಂತು ಒಪ್ಪಿಸಿದ:

“ಹಂಚಿನ ಮ್ಯಾಲ ಹಾಕೀನಿ ಬಿಳಿ ಜ್ವಾಳದ ರೊಟ್ಟಿ,
ಶಂಭುಲಿಂಗಪ್ಪನವರ ಮನಸು ಬಂಗಾರದ ಗಟ್ಟಿ!”

ತಾಯಣ್ಣನದು ಒಡಕು ದನಿ. ಶಂಭುಲಿಂಗಪ್ಪನಿಗೆ ಅಳು ಬರುವ ಹಾಗಾಯಿತು, ಸಿಟ್ಟೂ ಬಂತು. ಬಳೆ ಅಂಗಡಿ ಕೇಳಿತ್ತು, ಕ್ಷೌರದ ಅಂಗಡಿ ಕೇಳಿತ್ತು, ಪಾರ್ಸಲ್ ಒಯ್ಯಲು ಬಂದ ಶಕ್ತಿನಗರದ ಯಾವನೋ ಇಂಜಿನಿಯರು ಕೇಳಿಕೊಂಡು ಹೋಗಿದ್ದ. ಕೇಳದೆ ಉಳಿದವನು ಇಡೀ ಗಲ್ಲಿಯಲ್ಲಿ ಆ ಹೆಸರಿನ ಮನುಷ್ಯ ಒಬ್ಬನೇ.

ಒಳಗೆ ಹೋದ. ಸೂಗಮ್ಮ ದೇವಸೂಗೂರಿನ ಸೂಗೂರೇಶ್ವರನ ಪಟದ ಮುಂದೆ ಎರಡು ಕಾಯಿ ಒಡೆದು, ದೀಪ ಹಚ್ಚಿ, ಏನೂ ಆಗದವಳ ಹಾಗೆ ರೊಟ್ಟಿ ಬಡಿಯುತ್ತಿದ್ದಳು.

“ಹೇಳಿದಿಯಂತ?”

“ಯಾರಂದ್ರು?”

“ಎಲ್ಲಾರೂ ಅನ್ನಾಕತ್ತಾರ. ಇನ್ನೊಮ್ಮೆ ಹೇಳು.”

“ಒಮ್ಮೆ ಹೇಳಿದ್ದಕ್ಕ ಎರಡು ಕಾಯಿ ಒಡದೀನಿ,” ಎಂದಳು ಸೂಗಮ್ಮ. “ಆಚಿಗಿ ಸರೀರಿ, ರೊಟ್ಟಿ ಸೀಯ್ತದ.”

ಶಂಭುಲಿಂಗಪ್ಪ ಹೊರಗೆ ಬಂದು ಗಲ್ಲಾದಲ್ಲಿ ಕುಳಿತ. ಬಂದವರಿಗೆ ‘ಬರ್ರಿ, ಕುಂಡ್ರಿ’ ಎನ್ನುವುದನ್ನೂ ಮರೆತ. ಐದೂವರೆಗೆ ಆತನ ಫೋನು ರಿಂಗಾಯಿತು.

“ಸರ್, ಬ್ಯಾಂಕಿಂದ ಭಾಗ್ಯಜ್ಯೋತಿ. ಮೇಡಂದು ಪರಿಶೀಲನೆ ಸರಿಹೋಯ್ತು. ಮಷೀನ್ ನಿಮ್ಮ ಹೆಸರಿಗೆ ಬರೋದರಿಂದ ನಿಮ್ಮಿಂದ ಒಂದೇ ಒಂದು ಉತ್ತರ ಬೇಕು. ಅದಾದ್ರೆ ಆರು ಗಂಟೆಯೊಳಗೆ ಹಣ ಹೋಗತ್ತೆ.”

“ತಂಗಿ, ಅದಕ್ಕೂ ಮೊದಲ ನಂದೊಂದು ಕೆಲಸ ಮಾಡವಾ,” ಶಂಭುಲಿಂಗಪ್ಪ ದನಿ ತಗ್ಗಿಸಿದ. “ಬೆಳಿಗ್ಗಿ ನಮ್ಮನ್ಯಾಕಿ ನಿಮ್ಮ ಮುಂದ ಒಡಪು ಹೇಳ್ಯಾಳಲ್ಲ. ಅದು ರೆಕಾರ್ಡ್ ಆಗಿರ್ತದಲ್ಲ. ಒಮ್ಮೆ ಕೇಳಸು.”

“ಅಯ್ಯೋ, ಅದು ಆಗಲ್ಲ ಸರ್. ಗ್ರಾಹಕರ ಗೋಪ್ಯ ಮಾಹಿತಿ.”

“ನನ್ನ ಹೆಸರು ನಾ ಕೇಳಾಕ ಯಾವ ಗೋಪ್ಯ? ಇಡೀ ಗಲ್ಲಿ ಕೇಳ್ಯಾದ!”

“ಕ್ಷಮಿಸಿ ಸರ್. ನಾವು ಇಲ್ಲಿ ಆರು ಜನ ಕೇಳಿದ್ವಿ, ತುಂಬಾ ಚೆನ್ನಾಗಿತ್ತು.” ಹುಡುಗಿಯ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. “ಈಗ ಪ್ರಶ್ನೆ. ಕಾರ್ಡ್ ಯಾರದು? ಅವರ ಹೆಸರು ಹೇಳಿ.”

“ನಮ್ಮನ್ಯಾಕಿದು.”

“ಹೆಸರು, ಸರ್.”

ಶಂಭುಲಿಂಗಪ್ಪ ಬಾಯಿ ತೆರೆದ. ಹೆಸರು ನಾಲಿಗೆಯ ಮೇಲಿತ್ತು, ಹೊರಗೆ ಬರಲಿಲ್ಲ. ಏಯ್, ಕೇಳಿಲ್ಲಿ, ಶೈಲೂನ ಅವ್ವಾ, ಇಕಿ, ಅಕಿ, ಹೀಗೆ ಮೂವತ್ತೊಂದು ವರ್ಷ ಕರೆದಿದ್ದ. ಊರವರೆಲ್ಲ ಕರೆಯುವ ಆ ಹೆಸರನ್ನು ತಾನು ಒಂದು ದಿನವೂ ಕರೆದಿಲ್ಲವೆಂಬುದು ಆತನಿಗೆ ಈಗ ಗೊತ್ತಾಯಿತು. ಅವಳಿಗಾದರೂ ಗಂಡನ ಆಯುಷ್ಯದ ನೆಪವಿತ್ತು. ತನಗೆ ಅದೂ ಇರಲಿಲ್ಲ.

“ಸರ್… ನೀವೂನಾ?” ಎಂದಳು ಭಾಗ್ಯಜ್ಯೋತಿ.

“ಸೂಗಮ್ಮ,” ಎಂದ.

“ಕೇಳಿಸ್ತಿಲ್ಲ ಸರ್. ರೆಕಾರ್ಡ್ ಆಗಬೇಕು, ಜೋರಾಗಿ.”

“ಸೂಗಮ್ಮಾ!”

ಖಾನಾವಳಿಯ ತುಂಬ ಆ ಕೂಗು ಹೋಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತಾಯಣ್ಣ ಕೈಯಲ್ಲಿದ್ದ ತಾಟು ಅಲ್ಲಿಯೇ ಹಿಡಿದು ನಿಂತ. ಫೋನಿನಲ್ಲಿ ಹುಡುಗಿ ಧನ್ಯವಾದ ಹೇಳಿ, ಪಾವತಿ ಆಯಿತೆಂದು ತಿಳಿಸಿ ಇಟ್ಟದ್ದು ಯಾರ ಕಿವಿಗೂ ಬೀಳಲಿಲ್ಲ.

ಸೂಗಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಳು. ಮೊಣಕೈವರೆಗೆ ಹಿಟ್ಟು. ಮುಖದಲ್ಲಿ ನಗೆಯೂ ಅಲ್ಲದ ಅಳುವೂ ಅಲ್ಲದ ಏನೋ ಒಂದು ಇತ್ತು.

“ಕರದ್ರೇನು?”

“ಇಲ್ಲ,” ಶಂಭುಲಿಂಗಪ್ಪ ಗಲ್ಲಾದ ಕಡೆ ನೋಡುತ್ತ ಅಂದ. “ಬ್ಯಾಂಕಿನವ್ರು ಕೇಳಿದ್ರು. ಅದಕ್ಕ ಹೇಳಿದೆ.”

ಸೂಗಮ್ಮ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಳು.

“ಇನ್ನೊಮ್ಮೆ ಕೇಳ್ತಾರೇನೋ,” ಎಂದಳು, “ಹೇಳಿಬಿಡ್ರಿ.”